ಕೆಳಗಿಡಬೇಡ ಎಂದು ಕೊಟ್ಟದ್ದು

ಅಜ್ಜಿಯ ಕೊರಳಲ್ಲಿರುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ಮುಚ್ಚಳದ ಅಂಚಿನಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ತಗ್ಗಿತ್ತು. ನನ್ನ ಹೆಬ್ಬೆರಳಿಗೆ ಅದು ಇವತ್ತಿಗೂ ನೆನಪಿದೆ.

ಆಗಿನ ಪೀಣ್ಯದಲ್ಲಿ ಬೆಳಗು ಕಾರ್ಖಾನೆಯ ಸೈರನ್ನಿನಿಂದ ಶುರುವಾಗುತ್ತಿತ್ತು. ಲೇತಿನ ಎಣ್ಣೆಯ ವಾಸನೆಯೂ ಅವ್ವ ಸುಡುತ್ತಿದ್ದ ಜೋಳದ ರೊಟ್ಟಿಯ ವಾಸನೆಯೂ ಒಂದೇ ಕಿಟಕಿಯಲ್ಲಿ ಬೆರೆಯುತ್ತಿದ್ದವು. ಅಪ್ಪ ಒಂದು ಸಣ್ಣ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಪ್ಪನ ತಾಯಿ ಕೆಮ್ಮು ತೋರಿಸಲೆಂದು ಹಾವೇರಿ ಕಡೆಯಿಂದ ಬಂದವಳು ಆ ಬೇಸಿಗೆ ನಮ್ಮಲ್ಲೇ ಉಳಿದಳು. ನನಗೆ ಎಂಟು ವರ್ಷ.

ದಿನಾ ಸ್ನಾನವಾದ ಮೇಲೆ ಅಜ್ಜಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅದಾಗದೆ ನೀರೂ ಮುಟ್ಟುತ್ತಿರಲಿಲ್ಲ. ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡರೆ ನಾನು ಅಷ್ಟರಲ್ಲೇ ನಾಲ್ಕು ಸಲ ಎದ್ದಿರುತ್ತಿದ್ದೆ.

"ಏ ಖೋಡಿ, ನಿನ್ನ ಲಕ್ಷ್ಯ ಎಲ್ಲೆ ಐತಿ? ಬ್ಯಾಡಗಿ ಸಂತ್ಯಾಗ ಬಿಟ್ಟು ಬಂದೀಯೇನು?" ಎಂದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಎದೆಯ ಎಕ್ಸ್‌ರೇ ತೆಗೆಸಲು ಹೋದೆವು. ಮೈಮೇಲೆ ಲೋಹ ಇರಬಾರದೆಂದು ನರ್ಸ್ ಹೇಳಿದಳು. ಅಜ್ಜಿ ತುಂಬ ಹೊತ್ತು ಒಪ್ಪಲಿಲ್ಲ. ಅವ್ವ ಅವಳನ್ನು ಹಿಡಿದುಕೊಂಡು ಒಳಗೆ ಹೋಗಬೇಕಿತ್ತು. ಕೊನೆಗೆ ಕರಡಿಗೆ ನನ್ನ ಕೈಗೆ ಬಂತು.

"ಕೆಳಗ ಇಡಬ್ಯಾಡ. ನಿಂತ್ರೂ ಕೈಯಾಗ, ಕುಂತ್ರೂ ಕೈಯಾಗ."

"ಹೂಂ ಅಜ್ಜಿ."

ಆಸ್ಪತ್ರೆಯ ಎದುರಿಗೊಂದು ಲೇತ್ ಶೆಡ್ ಇತ್ತು. ಅದರ ಬಾಗಿಲಲ್ಲಿ ಲೇತ್ ಹೆರೆದು ಉದುರಿಸಿದ ಉಕ್ಕಿನ ಸುರುಳಿಗಳ ರಾಶಿ. ನಮ್ಮ ಬೀದಿಯ ಮಕ್ಕಳಲ್ಲಿ ಬಿಳಿಯ ಸುರುಳಿಗೆ ಒಂದು ಗೋಲಿ, ಬಿಸಿಗೆ ನೀಲಿಯಾದದ್ದಕ್ಕೆ ಎರಡು. ಅವತ್ತು ರಾಶಿಯ ಮೇಲೆಯೇ ಒಂದು ನೀಲಿ, ನನ್ನ ಮೊಳದುದ್ದ.

"ಏ ಪಾಪು, ಮುಟ್ಬೇಡ ಕಣಮ್ಮ, ಕೈ ಕುಯ್ದ್‌ಬಿಡುತ್ತೆ!" ಎಂದು ಒಳಗಿನಿಂದ ಯಾರೋ ಕೂಗಿದರು. ಅದಕ್ಕೇ ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿದೆ.

ಎರಡೂ ಕೈಯಲ್ಲಿ.

ಅಜ್ಜಿ ಹೊರಬಂದು ಎಡ ಅಂಗೈ ಚಾಚಿದಳು. ನಾನು ಸುರುಳಿ ತೋರಿಸಿದೆ.

ಕರಡಿಗೆಯನ್ನು ಎಲ್ಲಿಟ್ಟೆ ಎಂದು ಅವತ್ತೂ ಹೇಳಲಾಗಲಿಲ್ಲ, ಇವತ್ತೂ ಹೇಳಲಾರೆ. ಅಪ್ಪ ರಜೆ ಹಾಕಿ ಬಂದು ಸಂಜೆಯವರೆಗೆ ಆ ರಾಶಿಯನ್ನೆಲ್ಲ ಕೆದಕಿದರು. ಬೆರಳುಗಳೆಲ್ಲ ಗಾಯವಾದವು. ಅಜ್ಜಿ ಗೋಡೆಗೊರಗಿ ಕೂತಿದ್ದಳು. ಅವ್ವ ನೀರು ತಂದರೆ, "ಲಿಂಗ ಇಲ್ದ ಬಾಯಾಗ ನೀರು ಹೆಂಗ ಹಾಕ್ಕೊಳ್ಳಲವ್ವಾ?" ಎಂದಳು. ಮರುದಿನ ಮಠದ ಸ್ವಾಮಿಗಳು ಹೊಸ ಲಿಂಗ ಕಟ್ಟಿದ ಮೇಲೆಯೇ ಗುಟುಕು ನೀರು ಕುಡಿದದ್ದು. ನನ್ನನ್ನು ಬೈಯಲಿಲ್ಲ. "ಲಕ್ಷ್ಯ ಇಲ್ಲದಾಕಿ ಅಂತ ಗೊತ್ತಿತ್ತು. ನಾನ ಕೊಡಬಾರದಿತ್ತು" ಎಂದಳು, ಅಪ್ಪನಿಗೆ.

ಅಂದಿನಿಂದ ಮನೆಯಲ್ಲಿ ಯಾರೂ ನನ್ನ ಕೈಗೆ ಏನನ್ನೂ ಕೊಡಲಿಲ್ಲ.

ಮಳೆಗಾಲ ಮುಗಿಯುವ ಮೊದಲು ಅಜ್ಜಿ ತೀರಿಕೊಂಡಳು. ಎಕ್ಸ್‌ರೇಯಲ್ಲಿ ಕಾರಣವಿತ್ತು. ಆದರೆ ಮಣ್ಣಿಗೆ ಬಂದ ಹೆಂಗಸೊಬ್ಬಳು, "ಲಿಂಗ ಹೋದ ಮ್ಯಾಲೆ ಜೀವ ನಿಲ್ಲತೈತೇನು?" ಎಂದಳು. ಎಕ್ಸ್‌ರೇಯ ಮಾತು ನನಗೆ ಯಾರೂ ಹೇಳಲಿಲ್ಲ, ಇದು ಮಾತ್ರ ಕೇಳಿಸಿತು. ಓದು, ನೌಕರಿ, ಮೂರು ಮನೆ ಬದಲಾದರೂ ಬೀಗ, ಗ್ಯಾಸು, ಪರ್ಸು ಏನು ಮರೆತರೂ ಆ ಹೆಂಗಸಿನ ದನಿ ಮೊದಲು ಬರುತ್ತಿತ್ತು.

ಹೋದ ತಿಂಗಳು ಡಾಕ್ಟರು ನನಗಿರುವುದು ಎಡಿಎಚ್‌ಡಿ, ಅದೂ ಬಾಲ್ಯದಿಂದಲೇ ಎಂದರು. "ಚಿಕ್ಕಂದಿನಲ್ಲಿ ವಸ್ತುಗಳನ್ನ ಕಳೀತಿದ್ರಾ?" ಎಂದು ಮೊದಲೇ ಕೇಳಿದ್ದರು. "ಹೌದು" ಎಂದಷ್ಟೇ ಹೇಳಿದ್ದೆ.

"ಗಮನ ಇಲ್ಲ ಅಂತಲ್ಲ ಮೇಡಂ. ಅದು ಎಲ್ಲಿ ನಿಲ್ಬೇಕು ಅನ್ನೋದು ನಿಮ್ಮ ಕೈಲಿರ್ಲಿಲ್ಲ."

ಈ ಮಾತನ್ನು ಅಜ್ಜಿಗೆ ಹೇಳಬೇಕಿತ್ತು. ಆ ಶೆಡ್ ಇದ್ದಲ್ಲಿ ಈಗ ಮೆಟ್ರೋ ಕಂಬವಿದೆ. ಅಪ್ಪನೂ ಇಲ್ಲ, ಅವ್ವನೂ ಇಲ್ಲ. ನನಗೆ ಲಕ್ಷ್ಯವಿಲ್ಲ ಎಂದು ನಂಬಿದ್ದವರಲ್ಲಿ ನಾನೊಬ್ಬಳು ಉಳಿದಿದ್ದೆ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಡಾಕ್ಟರು ಬರೆದುಕೊಟ್ಟ ಮೊದಲ ಮಾತ್ರೆಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತೆ. ನೀರು ಅಡುಗೆಮನೆಯಲ್ಲಿತ್ತು. ಎದ್ದು ಹೋಗಿ ಲೋಟ ತೊಳೆದು ತುಂಬಿಸಿಕೊಂಡೆ, ಎಲ್ಲವನ್ನೂ ಬಲಗೈಯೊಂದರಲ್ಲೇ. ಮಾತ್ರೆಯನ್ನು ಕೆಳಗಿಡಲಿಲ್ಲ.