ಅಜ್ಜಿ ಬಾಯಿಬಿಟ್ಟು ಎಣಿಸದ ಸೇರು

ಇವತ್ತು ಬಡವನಹಳ್ಳಿಯಿಂದ ತಂದ ಕಡಲೆಕಾಯಿ ಸುಲಿಯುವಾಗ ಸಿಪ್ಪೆಯ ದೂಳು ಮೂಗಿಗೆ ಬಡಿಯಿತು. ಅಜ್ಜಿಯ ಕೊನೆಯ ಮಗ, ಸೋಮಣ್ಣ ಮಾವ ನೆನಪಾದ.

ಹೆಂಗಸರ ಜೊತೆ ಕೂತು ಬಿತ್ತನೆಬೀಜ ಸುಲಿಯುತ್ತಿದ್ದ ಮಾವ ಮದುವೆ ಬೇಡವೆಂದಿದ್ದ. ಅವನಿಗೆ ಗಂಡಸರೇ ಇಷ್ಟವೆಂದು ಊರವರು ಬೆನ್ನ ಹಿಂದೆ ‘ಒಂಬತ್ತು’ ಅನ್ನುತ್ತಿದ್ದರು. ನನಗದು ಗೊತ್ತಿರಲಿಲ್ಲ. ಅವನೆದುರು ಬೀಜ ಅಳೆಯುವಾಗ ಅಜ್ಜಿ, ಎಂಟಾದ ಮೇಲಿನ ಸೇರನ್ನು ಸದ್ದಿಲ್ಲದೆ ಸುರಿದು, ಮುಂದಿನದಕ್ಕೆ ‘ಹತ್ತು’ ಎನ್ನುತ್ತಿದ್ದಳು.

ಒಂದು ದಿನ ನಾನು ಕೂಗಿಬಿಟ್ಟೆ: “ಅಜ್ಜೀ, ಒಂಬತ್ತು ಬುಟ್ಬುಟ್ಟೆ!”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮಾವ ಪಂಚೆಯ ಮೇಲಿನ ಸಿಪ್ಪೆ ಕೊಡವಿ ಎದ್ದುಹೋದ. ಮತ್ತೆಂದೂ ಸುಲಿಯಲು ಕೂರಲಿಲ್ಲ.

ಊರವರು ಅವನನ್ನು ಹಾಗೆ ಕರೆಯುವುದು ಆಮೇಲೆ ತಿಳಿದು ಅಜ್ಜಿಯನ್ನು ಕೇಳಿದೆ: “ಮಾವನ್ನ ಒಂಬತ್ತು ಅಂತ ಯಾಕಂತಾರಜ್ಜಿ?”

“ಯಾರಿಟ್ರೋ ಏನೋ ಕಣಮ್ಮ. ನಾನು ಈ ಮನೆಗೆ ಬರೋ ಒತ್ಗೇ ಆ ಮಾತಿತ್ತು.”

ಪಕ್ಕದಲ್ಲಿ ಬೀಜ ಮೆಲ್ಲುತ್ತಿದ್ದ ನನ್ನ ಮಗಳು ಈಗ ಕೇಳಿದಳು: “ಅಮ್ಮಾ, ನಮ್ಮ ಕ್ಲಾಸಲ್ಲಿ ಒಬ್ಬನ್ನ ಎಲ್ರೂ ಒಂಬತ್ತು ಅಂತಾರೆ. ಯಾಕೆ?”

ನನ್ನ ಬಾಯಿಗೂ ಬಂದದ್ದು ಅಷ್ಟೇ: “ಯಾರಿಟ್ರೋ ಏನೋ ಕಣಮ್ಮ.”