ಮೇಸ್ತ್ರಿ ಎಣಿಸಿದ ಬೆರಳು

ತಲ್ಲೂರಿನ ಫರ್ನಿಚರ್ ಶೆಡ್ಡಿನಲ್ಲಿ ನಾನು ಪಾಲಿಶ್ ಕೆಲಸಕ್ಕಿದ್ದಾಗ ಅಲ್ಲೊಬ್ಬ ಮೇಸ್ತ್ರಿ ಇದ್ದರು. ಹಲಗೆಯ ಅಂಚು ಕೊರೆಯುವ ರೌಟರ್ ಟೇಬಲ್ಲಿನ ಕೆಲಸ ಅವರದೇ. ಮೇಜಿನ ನಡುವಿನ ತೂತಿನಿಂದ ಮೇಲೆದ್ದು ಗಿರ್ರನೆ ತಿರುಗುವ ಅಲಗನ್ನು, ಅಂದರೆ ಬಿಟ್ಟನ್ನು, ಬದಲಿಸುವ ಮೊದಲು ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳುವರು. ಸ್ವಿಚ್ ಆಫ್ ಮಾಡಿದರೆ ಸಾಲದೇ ಎಂದು ಕೇಳಿದರೆ ರೇಗುವರು: "ಸ್ವಿಚ್ಚಿಗೆ ಕಣ್ಣ್ ಇತ್ತಾ ಮಾರಾಯ? ಯಾರ್ ಕೈ ತಾಗಿರೂ ಆನ್ ಆತ್ತ್!"

ಒಂದು ಬೆಳಿಗ್ಗೆ ಅವರು ಬಂದು ನೋಡಿದರೆ ಬಿಟ್ಟಿನ ಮೇಲೆ ಬೆರಳು ಕಾಯುವ ಗಾರ್ಡ್ ಇರಲಿಲ್ಲ.

"ಹ್ವಾಯ್, ಗಾರ್ಡ್ ಯಾರ್ ತೆಗ್ದದ್?"

"ನಾನೇ," ಎಂದರು ಶೆಡ್ಡಿನ ಧಣಿ. "ಅದ್ ಇದ್ರೆ ಕೆಲ್ಸ ತಡ ಆತ್ತ್."

"ಹಾಂಗಾರೆ ನಾ ಈ ಮಿಷಿನ್ ಮುಟ್ಟುದಿಲ್ಲ."

"ಬ್ಯಾಡ, ನಾನೇ ಮಾಡ್ತೆ, ಕಾಣಿ."

ನಾವು ಮೂವರು ಕೆಲಸಗಾರರು ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಹಾಗೆ ನಿಂತದ್ದಕ್ಕೆ ನನಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಬಲದಿಂದ ಎಡಕ್ಕೆ ದೂಡಬೇಕಾದ ಹಲಗೆಯನ್ನು ಧಣಿ ಎಡದಿಂದ ಬಲಕ್ಕೆ ದೂಡಿದರು. ಬಿಟ್ ಅದನ್ನು ಕಚ್ಚಿ ಎಳೆದು ಗೋಡೆಗೆ ಎಸೆಯಿತು. ಹಲಗೆಯ ಹಿಂದೆಯೇ ಹೋದ ಅವರ ಕೈ ಬಿಟ್ಟಿಗೆ ಕೂದಲೆಳೆಯಷ್ಟು ಹತ್ತಿರದಲ್ಲಿ ನಿಂತಿತು. ಮೇಸ್ತ್ರಿ ಹಾರಿ ಪ್ಲಗ್ ಕಿತ್ತರು.

ಆಮೇಲೆ ಧಣಿಯ ಮುಂಗೈ ಹಿಡಿದು, ಒಂದೊಂದೇ ಬೆರಳು ಮಡಿಸುತ್ತ, ಶೆಡ್ಡೆಲ್ಲ ಕೇಳುವಂತೆ ಎಣಿಸಿದರು: "ಒಂದ್! ಎರ್ಡ್! ಮೂರ್!" ಐದಕ್ಕೆ ಬರುವಾಗ ಅವರ ದನಿ ಒಡೆದಿತ್ತು.

"ಐದೂ ಇತ್ತ್. ಈಗ ಗಾರ್ಡ್ ನೀವೇ ಹಾಕಿ."

ಧಣಿ ಸ್ಕ್ರೂಡ್ರೈವರ್ ಎತ್ತಿಕೊಂಡರು. ಮೊದಲ ಸ್ಕ್ರೂ ಎರಡು ಸಲ ನೆಲಕ್ಕೆ ಬಿತ್ತು. ಮೇಸ್ತ್ರಿ ಹೆಕ್ಕಿಕೊಡಲಿಲ್ಲ.