ಮೊದಲು ನಿನ್ನ ತೋಳು

ಬೆಳಗೋಡಿನ ಸುತ್ತಮುತ್ತ ಗುರುಶಾಂತಮ್ಮನವರ ಸೂಜಿ ಚುಚ್ಚಿಸಿಕೊಳ್ಳದ ಮೈಯೇ ಇಲ್ಲ. ನರ್ಸ್ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಜನ ಬಿಡಬೇಕಲ್ಲ? ಸಕಲೇಶಪುರದ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನನ್ನು ಅಲ್ಲೇ ಹಾಕಿಸಿಕೊಳ್ಳದೆ, ಬಸ್ಸಿನಲ್ಲಿ ಹೊತ್ತು ತಂದು ಇವರ ಜಗುಲಿಯಲ್ಲಿ ಕೂರುತ್ತಾರೆ. ಕೇಳಿದರೆ ‘ಸಿಸ್ಟರಮ್ಮನ ಕೈಗುಣ ಕಣ್ರೀ’ ಅನ್ನುತ್ತಾರೆ. ಪಕ್ಕದ ಮನೆಯ ನನಗೆ ನೋಡಿ ನೋಡಿ ಮೈ ಉರಿಯುತ್ತದೆ. ಆದರೆ ಒಂದು ಮಾತು: ಡಾಕ್ಟರ ಚೀಟಿ ಇಲ್ಲದೆ ಗುರುಶಾಂತಮ್ಮ ಸೂಜಿ ಮುಟ್ಟಿದವರಲ್ಲ.

ಈ ಸಲ ಕಾಫಿ ಹೂ ಬಿಟ್ಟ ವಾರ, ಹೊಂಗಡಹಳ್ಳದ ಪ್ರದೀಪ ಚೀಟಿಯಿಲ್ಲದೆ ಬಂದ. ಎಸ್ಟೇಟುಗಳಿಗೆ ಗೊಬ್ಬರ ಹೊಡೆಯುವ ಪಿಕಪ್ ಅವನದು. ಜೊತೆಗೆ ಮಗಳು ಪೂಜಿತಾ. ಏಳನೇ ಕ್ಲಾಸು, ನೋಡಿದರೆ ಮೂರನೆಯದು ಅನ್ನಬೇಕು, ಅಷ್ಟು ಕುಳ್ಳಿ. ಮಗಳು ಬೆಳೆಯಲೆಂದು ಅವನು ಮಾಡದ್ದಿಲ್ಲ. ಡಬ್ಬಿಗಟ್ಟಲೆ ಪುಡಿ ಕುಡಿಸಿದ, ಹಲಸಿನ ಮರಕ್ಕೆ ಪೈಪು ಕಟ್ಟಿ ನೇತಾಡಿಸಿದ, ಕಂಡ ಕಂಡ ದೇವರಿಗೆ ಹರಕೆ ಹೊತ್ತ. ಮಕ್ಕಳ ಡಾಕ್ಟರ ಹತ್ತಿರ ಮಾತ್ರ ಕರೆದೊಯ್ಯಲಿಲ್ಲ. ಎಲ್ಲಿ ‘ಇವಳು ಇಷ್ಟೇ’ ಅಂದುಬಿಡುತ್ತಾರೋ ಅನ್ನುವ ಭಯ.

ಜೇಬಿನಿಂದ ಹೆಬ್ಬೆಟ್ಟಿನಷ್ಟು ಗಾಜಿನ ಶೀಶೆ ತೆಗೆದ. ಒಳಗೆ ಏನೂ ಇದ್ದಂತಿರಲಿಲ್ಲ, ತಳದಲ್ಲಿ ಒಂದಿಷ್ಟು ಬಿಳಿ ಮಸುಕು, ಅಷ್ಟೇ.

“ಹ್ಯೂಮನ್ ಗ್ರೋತ್ ಅಂತ ಬರೆದೈತೆ, ಓದಿ ಸಿಸ್ಟರಮ್ಮ. ನೀವೇ ಹಾಕ್ಬೇಕು.”

ಗುರುಶಾಂತಮ್ಮ ಕನ್ನಡಕ ಏರಿಸಿ ಇರುವೆ ಸಾಲಿನಂಥ ಅಕ್ಷರ ಓದಿದರು. “ಲ್ಯಾಬ್ ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡಬಾರದು ಅಂತಾನೂ ಬರೆದೈತೆ. ಎಲ್ಲಿಂದ ತಂದೆ?”

ಅವನ ನಾದಿನಿ ಚಂದ್ರಿಕಾ ಮಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಹಾಸನದ ಇನ್ನೊಂದು ಲ್ಯಾಬಿಗೆ ಇಂಥ ಶೀಶೆಗಳ ಥರ್ಮೋಕೋಲ್ ಪೆಟ್ಟಿಗೆ ಒಯ್ಯುವವಳು ದಾರಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದು, ಅದನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ಬೆಳಗ್ಗೆ ಇವನು ಒಂದನ್ನು ಎಗರಿಸಿದ್ದ.

ಪೂಜಿತಾಳಿಂದ ನಂಬರು ಕೇಳಿ ನಾನೇ ಚಂದ್ರಿಕಾಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ವಿಷಯ ಕೇಳಿದ್ದೇ ಚಂದ್ರಿಕಾ ಕೂಗಿಕೊಂಡಳು. “ಭಾವ, ಅದು ಔಷಧಿ ಅಲ್ಲ! ಬೆಳೆಸೋದಲ್ಲ, ಬೆಳೆಸೋ ಅಂಶಾನ ಹಿಡ್ಕೊಳ್ಳೋ ಪ್ರೋಟೀನು. ತಟ್ಟೇಲಿ ಬೆಳೆಸಿರೋ ಜೀವಕೋಶಕ್ಕೆ ಹಾಕಿ ನೋಡೋಕೆ ಲ್ಯಾಬಲ್ಲಿ ಮಾಡಿರೋದು. ಪಾಪುಗೆ ಹಾಕ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಸಾಮಾನು ಹೋಯ್ತಲ್ಲ ಅಂತ ಕತೆ ಕಟ್ತಾಳೆ” ಎಂದು ಪ್ರದೀಪ ಫೋನು ಕಿತ್ತುಕೊಂಡು ಆಫ್ ಮಾಡಿದ. “ನೀವು ಹಾಕದಿದ್ರೆ ಬುಡಿ. ದನಕ್ಕೆ ನಾನೇ ಚುಚ್ಚಲ್ವಾ? ಇವಳಿಗೂ ಚುಚ್ತೀನಿ.” ಇನ್ನೊಂದು ಜೇಬಿನಲ್ಲಿ ದನದ ಸಿರಿಂಜೂ ಇತ್ತು! ನಾನು ಪೂಜಿತಾಳನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಶಿವಲೀಲಕ್ಕ, ನೀವು ನಡುವೆ ಬರ್ಬ್ಯಾಡಿ” ಎಂದು ಗದರಿದ.

ಗುರುಶಾಂತಮ್ಮ ಕೂಗಾಡಲಿಲ್ಲ. “ಕೊಡು ಮಾರಾಯ, ದನದ ಸೂಜಿ ಯಾಕೆ” ಎಂದು ಶೀಶೆ ಇಸಿದುಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ತುಂಬಿದ ಸಿರಿಂಜು. ಇವರಿಗೂ ತಲೆ ಕೆಟ್ಟಿತೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಪ್ರದೀಪನ ಮುಂದೆ ನಿಂತರು.

“ಅಂಗಿ ತೋಳು ಮಡಚು.”

“ನಂಗ್ಯಾಕೆ?”

“ಮೊದಲು ನಿನಗೆ. ಸಂಜೆವರೆಗೂ ನೆಟ್ಟಗಿದ್ರೆ ಆಮೇಲೆ ಕೂಸಿಗೆ.”

ಪ್ರದೀಪ ನಕ್ಕಂತೆ ಮಾಡಿದ. ಅಂಗಿಯ ಗುಂಡಿ ಬಿಚ್ಚಿದ, ತೋಳು ಅರ್ಧ ಏರಿಸಿದ. ಸೂಜಿ ಹತ್ತಿರ ಬಂತು. ಅವನ ಕೈ ತಾನಾಗಿ ಹಿಂದಕ್ಕೆ ಹೋಯಿತು.

ಆಗ ಪೂಜಿತಾ ನನ್ನ ಕೈ ಬಿಡಿಸಿಕೊಂಡು ಮುಂದೆ ಬಂದಳು. ಸ್ಕೂಲ್ ಅಂಗಿಯ ತೋಳನ್ನು ಭುಜದವರೆಗೂ ಮಡಚಿದ್ದಳು.

“ಅಪ್ಪಂಗೆ ಬ್ಯಾಡ ಅಜ್ಜಿ. ಅಪ್ಪಂಗೆ ಏನಾದ್ರೂ ಆದ್ರೆ? ನಂಗೇ ಹಾಕಿ.”

ಪ್ರದೀಪ ಜಗುಲಿಯ ಮೆಟ್ಟಿಲ ಮೇಲೆ ಕುಸಿದು ಕೂತ. ದೊಡ್ಡ ಗಂಡಸು, ಮುಖ ಮುಚ್ಚಿಕೊಂಡು ಬಿಕ್ಕಿದ. ಅಷ್ಟು ಹೊತ್ತು ಬೈಗುಳ ಹುಡುಕುತ್ತಿದ್ದ ನನಗೂ ಅಳು ಬಂತು.

“ಅಳೋದು ಆಮೇಲೆ. ಗಾಡಿ ತೆಗಿ” ಅಂದರು ಗುರುಶಾಂತಮ್ಮ. “ಹಾಸನದಲ್ಲಿ ಮಕ್ಕಳ ಡಾಕ್ಟ್ರಿಗೆ ತೋರಿಸೋಣ. ಅವರು ಏನಾದ್ರೂ ಅನ್ಲಿ, ನಾನಿರ್ತೀನಿ.”

ಅಪ್ಪ ಮಗಳು ಗಾಡಿಯತ್ತ ಹೋದ ಮೇಲೆ ಸಿರಿಂಜನ್ನು ಹೂವಿನ ಕುಂಡಕ್ಕೆ ಖಾಲಿ ಮಾಡಿದರು. ಬರೀ ನೀರು. ಶೀಶೆ ಒಡೆಯದ ಸೀಲಿನೊಂದಿಗೆ ಅವರ ಸೆರಗಿನಲ್ಲಿತ್ತು. ಚಂದ್ರಿಕಾಗೆ ಫೋನು ಮಾಡಿ, ಶೀಶೆ ವಾಪಸು ಒಯ್ಯಲು ತಣ್ಣಗಿನ ಪೆಟ್ಟಿಗೆ ಹಿಡಿದು ಬೆಳಗೋಡಿನ ಬಸ್‌ಸ್ಟಾಪಿಗೆ ಬರಹೇಳಿದರು.

ಡಾಕ್ಟರು ರಕ್ತ ತೆಗೆದುಕೊಂಡಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಆ ದಿನ ಹಿಂತಿರುಗಿದ ಗುರುಶಾಂತಮ್ಮ ಕಾಫಿ ಲೋಟ ಬಾಯಿಗಿಡದೆ ಕೆಳಗಿಟ್ಟರು.

“ಆಲೂರು ದಾಟಿದ್ರೂ ಆ ಕೂಸು ಅಂಗಿ ತೋಳು ಇಳಿಸಿರಲಿಲ್ಲ ಕಣೇ ಶಿವಲೀಲಾ” ಅಂದರು. “ಇಳಿಸವ್ವ ಅಂದೆ. ಅಪ್ಪಂಗೆ ಚುಚ್ಚಲ್ಲ ಅಂತ ಮೊದಲು ಹೇಳಿ ಅಂತು.”